ಯಾರೂ ಅಣಕಿಸದ ನಾಗಭೂಷಣ್ ಮೇಷ್ಟ್ರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕು ಜಾಲಾಡಿದರೂ ನನ್ನಷ್ಟು ಅಣಕಿಸಿಕೊಂಡ ಮೇಷ್ಟ್ರು ನಿಮಗೆ ಸಿಕ್ಕುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇದ್ದಿದ್ದರೆ ಇಡೀ ಜಿಲ್ಲೆ ಅನ್ನುತ್ತಿದ್ದೆ.

ನಾನು ಸಣ್ಣರಂಗಯ್ಯ, ಬಡವನಹಳ್ಳಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ನಿವೃತ್ತನಾಗಿ ಆರು ವರ್ಷವಾಯಿತು. ಬೇರೆ ಮೇಷ್ಟ್ರುಗಳು ನಿವೃತ್ತರಾದರೆ ಮಾರನೆಯ ದಿನ ಅವರ ಕುರ್ಚಿಯ ಮೇಲೆ ಬೆಕ್ಕು ಮಲಗುತ್ತದೆ. ನನ್ನ ವಿಷಯ ಹಾಗಲ್ಲ. ಹತ್ತನೇ ಕ್ಲಾಸಿನ ಹುಡುಗರು ಪ್ರತಿ ವರ್ಷ ಬೀಳ್ಕೊಡುಗೆಯ ದಿನ ನನ್ನನ್ನು ಮತ್ತೆ ಸ್ಟೇಜಿಗೆ ಹತ್ತಿಸುತ್ತಾರೆ. ನಾನು ಶಾಮಿಯಾನದ ಮೊದಲನೇ ಸಾಲಿನಲ್ಲಿ ಕೂತಿರುತ್ತೇನೆ. ಸ್ಟೇಜಿನ ಮೇಲೂ ನಾನೇ ಓಡಾಡುತ್ತಿರುತ್ತೇನೆ. ಇಂಥ ಭಾಗ್ಯ ದೇವರಿಗೂ ಉತ್ಸವದ ದಿನ ಮಾತ್ರ.

ನಮ್ಮ ಹೈಸ್ಕೂಲಿನ ಕಟ್ಟಳೆ ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದಿಲ್ಲ, ಹೇಳಿಬಿಡುತ್ತೇನೆ. ಬೀಳ್ಕೊಡುಗೆಯ ದಿನ ಹತ್ತನೇ ಕ್ಲಾಸಿನವರು ಮೊದಲು ಒಬ್ಬೊಬ್ಬರಾಗಿ ಮೈಕು ಹಿಡಿದು, ಮೂರು ವರ್ಷದ ಹೈಸ್ಕೂಲು ಬಾಳನ್ನು ನೆನೆದು ಅಳುತ್ತಾರೆ. ಶಾಮಿಯಾನದ ಕೆಳಗೆ ಎಷ್ಟು ನೀರು ಬೀಳುತ್ತದೆಂದರೆ, ಆ ವಾರ ಊರ ಬೋರ್‌ವೆಲ್ಲಿನಲ್ಲಿ ನೀರು ಉಪ್ಪಾಗುತ್ತದೆ. ಅಳು ಮುಗಿದ ಮೇಲೆ ಐಟಂ. ಐಟಂ ಎಂದರೆ ಮೇಷ್ಟ್ರುಗಳ ಮಿಮಿಕ್ರಿ. ಹುಡುಗನೊಬ್ಬ ಪರದೆಯ ಹಿಂದಿನಿಂದ ಬಂದು, ಯಾರೋ ಒಬ್ಬ ಮೇಷ್ಟ್ರ ಹಾಗೆ ನಡೆದು, ಕೆಮ್ಮಿ, ಬೈದು ಹೋಗುತ್ತಾನೆ. ಹೆಸರು ಮಾತ್ರ ಹೇಳಬಾರದು. ಹೆಸರು ಹೇಳಿದರೆ ಅವಮಾನ, ಹೇಳದಿದ್ದರೆ ಗೌರವ, ಹೀಗಂತ ಯಾವ ಪುಣ್ಯಾತ್ಮ ಗೆರೆ ಎಳೆದನೋ ಕಾಣೆ. ಗುರುತು ಸಿಕ್ಕಿದ ಕೂಡಲೇ ಮಕ್ಕಳು ಬೆಂಚು ಬಡಿದು ಕೂಗುವ ಕೂಗಿಗೆ ಯಾರ ಹೆಸರೂ ಯಾರಿಗೂ ಕೇಳಿಸುವುದೂ ಇಲ್ಲ.

ಮಾರನೆಯ ದಿನ ಸ್ಟಾಫ್‌ರೂಮಿಗೆ ಹೋಗಿ ನೋಡಬೇಕು. ಎಲ್ಲರದೂ ಸಿಟ್ಟಿನ ಮುಖ. "ಏನು ಹುಡುಗ್ರೋ, ಗುರು ಹಿರಿಯರು ಅನ್ನೋದೇ ಇಲ್ಲ," ಎಂದು ಹಿಂದಿ ಮಿಸ್ ಸರ್ವಮಂಗಳಾ ಶುರು ಮಾಡುತ್ತಾರೆ. ಒಂದು ಗುಟುಕು ಟೀ ಒಳಗೆ ಹೋಯಿತೋ ಇಲ್ಲವೋ, "ಆದ್ರೂ ಪಿ.ಟಿ. ಸಾರ್‌ದು ಅಷ್ಟು ಹೊತ್ತು ಮಾಡಿದ್ರು, ನಂದು ಬಂದಂಗೂ ಇಲ್ಲ ಹೋದಂಗೂ ಇಲ್ಲ. ನಾನೇನು ಅಷ್ಟು ಸಪ್ಪೆನಾ?" ಎಂಬ ಅಸಲಿ ಸಂಕಟ ಹೊರಗೆ ಬರುತ್ತದೆ. ಆ ಕೋಣೆಯ ಹೊಟ್ಟೆಕಿಚ್ಚಿಗೆ ಪೈಪು ಹಾಕಿದ್ದರೆ ಬಿಸಿಯೂಟಕ್ಕೆ ಗ್ಯಾಸ್ ಸಿಲಿಂಡರ್ ಬೇಕಾಗುತ್ತಿರಲಿಲ್ಲ.

ಈ ಕಿಚ್ಚಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಂದವರು ಗಣಿತದ ನಾಗಭೂಷಣ್. ಕಥೆ ಅವರದು. ನಾನು ಸುಮ್ಮನೆ ಮಧ್ಯೆ ಮಧ್ಯೆ ಬರುತ್ತೇನೆ, ಬರದೆ ಇರಲು ಆಗುವುದಿಲ್ಲ.

ನಾಗಭೂಷಣ್ ಹುಟ್ಟಿದ್ದು ಹುಲಿಕುಂಟೆ ಹೋಬಳಿಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಇವರ ಅಪ್ಪ ನೂರಾರು ಕುರಿಗಳಲ್ಲಿ ಒಂದೊಂದನ್ನೂ ಕಿವಿ ನೋಡಿ ಗುರುತಿಸುತ್ತಿದ್ದರಂತೆ, ಐದು ಜನ ಮಕ್ಕಳಲ್ಲಿ ಇವರನ್ನು ಮಾತ್ರ "ಇವನು ಯಾವನು?" ಎಂದು ಹೆಂಡತಿಯನ್ನು ಕೇಳುತ್ತಿದ್ದರಂತೆ. ಶಿರಾದಲ್ಲಿ ಓದಿ, ಬಿ.ಎಡ್. ಮಾಡಿ, ಮೊದಲು ಕೆಲಸಕ್ಕೆ ಹೋದದ್ದು ವೈ.ಎನ್.ಹೊಸಕೋಟೆ ಕಡೆಗೆ. ಅಲ್ಲಿ ಇವರು ಕನ್ನಡದಲ್ಲಿ ಬೀಜಗಣಿತ ಹೇಳಿದರೆ ಮಕ್ಕಳು "ಅರ್ಥಂ ಕಾಲೇದು ಸಾರ್" ಎಂದು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದರು. ಇವರು ತೆಲುಗು ಕಲಿತು ಹೇಳಿದರು. ಆಗಲೂ ಅದೇ ಉತ್ತರ. ಆ ವರ್ಷದ ಬೀಳ್ಕೊಡುಗೆಯಲ್ಲಿ ಆ ಮಕ್ಕಳು ಎಲ್ಲ ಮೇಷ್ಟ್ರುಗಳನ್ನೂ ಅಣಕಿಸಿದರು, ಜವಾನನನ್ನು ಅಣಕಿಸಿದರು, ಗೇಟಿನ ಹತ್ತಿರ ಮಲಗುತ್ತಿದ್ದ ನಾಯಿಯನ್ನೂ ಬಿಡಲಿಲ್ಲ. ನಾಗಭೂಷಣ್ ಚಪ್ಪಾಳೆ ತಟ್ಟಿ ಮನೆಗೆ ಬಂದರು. ಅಲ್ಲಿಂದ ಕೊರಟಗೆರೆಗೆ ವರ್ಗವಾಯಿತು. ಅಲ್ಲಿಯ ಹುಡುಗರು ಕ್ಲಾಸಿನ ಕಿರ್‍ರೆನ್ನುವ ಫ್ಯಾನನ್ನು ಅಣಕಿಸಿದರೇ ಹೊರತು ಅದರ ಕೆಳಗೆ ನಿಂತು ವರ್ಷವಿಡೀ ಪಾಠ ಹೇಳಿದವರನ್ನಲ್ಲ.

ತಪ್ಪು ಹುಡುಗರದೆನ್ನಲು ನನಗೆ ಮನಸ್ಸಿಲ್ಲ. ಮನುಷ್ಯನಲ್ಲಿ ಹಿಡಿದುಕೊಳ್ಳಲು ಒಂದು ಹಿಡಿಕೆಯಾದರೂ ಬೇಡವೇ? ಎತ್ತರ ನೋಡಿದರೆ ಎಲ್ಲರಷ್ಟು. ದನಿ ಎಲ್ಲರಂಥದು. ಒಂದು ಮೀಸೆ ಇತ್ತು ನಿಜ, ಅದೂ ಸರ್ಕಾರಿ ನಮೂನೆಯದು, ಮೂಗಿನ ಕೆಳಗೆ ಖಾಲಿ ಜಾಗ ಯಾಕೆ ಬಿಡಬೇಕೆಂದು ತುಂಬಿಸಿದಂತೆ. ಗ್ರೂಪ್ ಫೋಟೋ ತೆಗೆಯುವವನು ಒಮ್ಮೆ ಕ್ಯಾಮೆರಾದೊಳಗೆ ನೋಡಿ, "ಎಡಗಡೆ ಗ್ಯಾಪ್ ಐತೆ, ಯಾರಾದ್ರೂ ನಿಂತ್ಕೊಳ್ಳಿ" ಅಂದನಂತೆ. ಅಲ್ಲಿ ನಿಂತಿದ್ದವರು ನಾಗಭೂಷಣ್.

ಕೊನೆಗೆ ನಮ್ಮ ಹೈಸ್ಕೂಲಿಗೆ ಬಂದರು. ನಾನು ನಿವೃತ್ತನಾಗುವ ಮೊದಲು ಎರಡು ವರ್ಷ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ನನ್ನ ಐಟಂ ಅವರು ನೋಡಿದ್ದೇ ಆಗ. ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಅದನ್ನೇ ಜೇಬು, ಡ್ರಾಯರ್ರು, ಕೊನೆಗೆ ಮುಂದಿನ ಬೆಂಚಿನ ಹುಡುಗನ ಬ್ಯಾಗಿನಲ್ಲಿ ಹುಡುಕುವುದು. ಆಮೇಲೆ ಬೋರ್ಡಿಗೆ ಕೈ ಬಡಿದು, "ಇದು ಪರೀಕ್ಷೆಗೆ ಬಂದೇ ಬರ್ತದೆ. ಬರದಿದ್ರೆ ಮೀಸೆ ಬೋಳಿಸ್ಕೊಂಡು ಬುಡ್ತೀನಿ!" ಎನ್ನುವುದು. ನನಗೆ ಮೀಸೆ ಇಲ್ಲ. ಯಾವತ್ತೂ ಇರಲಿಲ್ಲ. ನನ್ನ ಮೇಲ್ತುಟಿ ಪಾವಗಡದ ಬಂಡೆ ಇದ್ದ ಹಾಗೆ, ಅಲ್ಲಿ ಏನು ಬಿತ್ತಿದರೂ ಹುಟ್ಟುವುದಿಲ್ಲ. ಅದಕ್ಕೇ ಧೈರ್ಯವಾಗಿ ಶಪಥ ಮಾಡುತ್ತಿದ್ದೆ.

ನಾನು ನಿವೃತ್ತನಾದ ಮೇಲೂ ಆ ಐಟಂ ನಿಲ್ಲಲಿಲ್ಲ. ಹೊಸ ಹುಡುಗರು, ಹಳೆಯ ಕನ್ನಡಕ, ಹಳೆಯ ಶಪಥ. ವ್ಯತ್ಯಾಸ ಒಂದೇ, ಈಚಿನವರು ಕಾಡಿಗೆಯಲ್ಲಿ ಒಂದು ಮೀಸೆ ಬರೆದುಕೊಂಡು ಬರುತ್ತಿದ್ದರು. ದೇವರು ಕೊಡದಿದ್ದನ್ನು ಮಕ್ಕಳು ಪ್ರೀತಿಯಿಂದ ಕೊಟ್ಟಿದ್ದಾರೆ ಅಂದುಕೊಂಡೆ. ಐಟಂ ಮುಗಿದ ಕೂಡಲೇ ಎದ್ದು ನಾಲ್ಕೂ ದಿಕ್ಕಿಗೆ ಕೈಮುಗಿಯುತ್ತಿದ್ದೆ. ಪಕ್ಕದಲ್ಲಿ ನಾಗಭೂಷಣ್ ನೀರು ಕುಡಿಯುತ್ತಿದ್ದರು. ಹೊಟ್ಟೆಯ ಬೆಂಕಿ ಆರಿಸಲು ಅವರು ಕುಡಿದ ನೀರಿನಲ್ಲಿ ಎರಡು ಗುಂಟೆ ರಾಗಿ ಬೆಳೆಯಬಹುದಿತ್ತು.

ಈ ವರ್ಷ ಅವರ ಸರದಿ ಬಂತು. ಮೇ ತಿಂಗಳಿಗೆ ನಿವೃತ್ತಿ. ಡಿಸೆಂಬರಿನಲ್ಲಿ ಒಂದು ಸಂಜೆ ಬಡವನಹಳ್ಳಿಯ ಟೀ ಅಂಗಡಿಯಲ್ಲಿ ಸಿಕ್ಕಿ, ಗಾಜಿನ ಲೋಟವನ್ನು ಸುಮ್ಮನೆ ತಿರುಗಿಸುತ್ತಾ ಕೂತರು.

"ಏನಯ್ಯಾ ನಾಗಭೂಷಣ, ಟೀಯಲ್ಲಿ ನೊಣ ಬಿದ್ದಿದೆಯಾ?"

"ಇಲ್ಲ ಸಾರ್. ಒಂದು ಕೇಳ್ಲಾ? ನಗಬಾರದು."

"ಕೇಳು. ನಗು ಬಂದ್ರೆ ಆ ಕಡೆ ತಿರುಗಿ ನಕ್ಕೊಳ್ತೀನಿ."

"ಇದು ನನ್ನ ಕೊನೇ ಬ್ಯಾಚು. ಇವರೂ ನನ್ನ ಐಟಂ ಮಾಡ್ಲಿಲ್ಲ ಅಂದ್ರೆ, ಇಷ್ಟು ವರ್ಷ ನಾನು ಕ್ಲಾಸಲ್ಲಿ ಇದ್ನಾ ಇಲ್ವಾ ಅಂತ ನನಗೇ ಅನುಮಾನ ಬಂದ್ಬುಡ್ತದೆ. ನೀವು ಬಿಟ್ಟುಹೋಗಿ ಆರು ವರ್ಷ ಆಯ್ತು, ಇನ್ನೂ ನಿಮ್ಮದೇ ಮಾಡ್ತಾರೆ. ಅದು ಹೆಂಗೆ ಸಾರ್?"

ಆ ಮಾತು ನನಗೆ ಜೇನುತುಪ್ಪದ ಹಾಗೆ ಇಳಿಯಿತು. ಕಾಲ ಮೇಲೆ ಕಾಲು ಹಾಕಿದೆ. "ನೋಡಪ್ಪ, ಹುಟ್ಟಿನಿಂದ ಬರಬೇಕು. ಬರದಿದ್ರೆ ಮಾಡ್ಕೋಬೇಕು. ನಿನಗೊಂದು ಚಾಳಿ ಬೇಕು. ಮಾತು ಮುಗಿದಾಗೆಲ್ಲ ಎಡಭುಜ ಹಿಂಗೆ ಎಗರಿಸು, 'ಏನಂತೀರಿ?' ಅನ್ನು. ಬೀಳ್ಕೊಡುಗೆಯೊಳಗೆ ಹುಡುಗರು ಹಿಡ್ಕೋತಾರೆ. ಹಿಡಿಯದಿದ್ರೆ ಮೀಸೆ ಬೋಳಿಸ್ಕೊಂಡು ಬುಡ್ತೀನಿ."

ನಾಗಭೂಷಣ್ ಅಲ್ಲೇ ಒಮ್ಮೆ ಎಗರಿಸಿ ನೋಡಿದರು. ಪಕ್ಕದಲ್ಲಿ ಬನ್ನು ತಿನ್ನುತ್ತಿದ್ದವನ ಟೀ ಚೆಲ್ಲಿತು.

ಮೂರನೇ ದಿನಕ್ಕೆ ಅವರ ಹೆಂಡತಿ ಲೋಹಿತಾ ಫೋನು ಮಾಡಿದರು. "ಅಣ್ಣಾ, ನಮ್ಮನೆಯವರು ಬೀರು ಕನ್ನಡಿ ಮುಂದೆ ನಿಂತ್ಕೊಂಡು ಭುಜ ಕುಣಿಸ್ತಾವ್ರೆ. ಊಟ ಬಡಿಸಿದ್ರೆ 'ಏನಂತೀರಿ' ಅಂತಾರೆ. ಇದು ನಿಮ್ಮ ಕಿತಾಪತಿ ತಾನೆ?"

"ಕಲಾಸೇವೆ ಕಣಮ್ಮ, ಅಡ್ಡಿ ಮಾಡಬೇಡ," ಎಂದೆ.

ಜನವರಿಗೆಲ್ಲ ನಾಗಭೂಷಣ್‌ರ ಭುಜ ಯಾರೂ ತಡೆಯಲಾಗದ ಮಟ್ಟಕ್ಕೆ ಬೆಳೆಯಿತು. ಅವರು ಕ್ಲಾಸಿನಲ್ಲಿ ಒಂದು ಸೂತ್ರ ಹೇಳಿ ಭುಜ ಎಗರಿಸಿದರೆ ಆ ಗಾಳಿಗೆ ಮುಂದಿನ ಬೆಂಚಿನವರ ಪುಸ್ತಕದ ಹಾಳೆ ಮಗುಚುತ್ತಿತ್ತು. ನನಗೆ ದಿನಾ ವರದಿ ಬರುತ್ತಿತ್ತು. "ಸಾರ್, ವರ್ಕೌಟ್ ಆಗ್ತಾ ಐತೆ! ಕ್ಲಾಸಲ್ಲಿ ಸೂಜಿ ಬಿದ್ರೂ ಕೇಳಿಸ್ತದೆ. ಎಲ್ಲಾ ನನ್ನ ಭುಜಾನೇ ನೋಡ್ತಾವೆ. ಅಂಜನ್ ಕುಮಾರ್ ಅಂತೂ ಕಣ್ಣು ಮಿಟುಕಿಸಲ್ಲ."

ಅಂಜನ್ ಕುಮಾರ್ ಎಂದರೆ ಈ ವರ್ಷದ ಮಿಮಿಕ್ರಿಯ ಮುಖ್ಯಸ್ಥ. ಕೋಳಿಯ ಹಾಗೆ ಕೂಗಿದರೆ ಕೋಳಿಗಳು ಬಂದು ಸಾಲಾಗಿ ನಿಲ್ಲುತ್ತಿದ್ದವು.

ಆಮೇಲೆ ಮಕ್ಕಳು ಅವರ ಬ್ಯಾಗು ಹೊರಲು ಶುರು ಮಾಡಿದರು. ನಿಂತರೆ ಕುರ್ಚಿ ತಂದಿಟ್ಟರು. ಮೆಟ್ಟಿಲಿನ ಹತ್ತಿರ ಇಬ್ಬರು ಹುಡುಗರು ಆಚೆ ಈಚೆ ಕಾದು ನಿಂತರು. ಕ್ಲಾಸ್ ಲೀಡರ್ ಅನುಷಾಳ ಅಜ್ಜಿ ಈಶ್ವರಮ್ಮ ಒಂದು ದಿನ ಸ್ಕೂಲಿಗೇ ಬಂದು ಎಣ್ಣೆಯ ಬಾಟಲಿಯೊಂದನ್ನು ಕೈಗಿತ್ತು, "ಬೆಚ್ಚಗೆ ಮಾಡಿ ತಿಕ್ಕಳಿ ಸಾಮಿ, ಎಲ್ಲಾ ಒಳ್ಳೇದಾಯ್ತದೆ," ಎಂದು ಕಣ್ಣೊರೆಸಿಕೊಂಡು ಹೋದರು. ನಾಗಭೂಷಣ್ ಅದನ್ನು ನಿವೃತ್ತಿಯ ಉಡುಗೊರೆ ಎಂದುಕೊಂಡು ತಲೆಗೆ ಹಚ್ಚಿಕೊಂಡರು. ಎರಡು ದಿನ ಅವರ ಹತ್ತಿರ ಸೊಳ್ಳೆಯೂ ಸುಳಿಯಲಿಲ್ಲ.

ಬೀಳ್ಕೊಡುಗೆಯ ದಿನ ಬಂತು. ನಾನು ಇಸ್ತ್ರಿ ಮಾಡಿಸಿದ ಪಂಚೆಯುಟ್ಟು ಮೊದಲನೇ ಸಾಲಿನಲ್ಲಿ ಕೂತೆ. ನಾಗಭೂಷಣ್ ಪಕ್ಕದಲ್ಲಿ, ಹೊಸ ಶರಟು, ಹಣೆಯ ಮೇಲೆ ಕನ್ನಡಕ. ಐದಾರು ವರ್ಷದಿಂದ ಅವರಿಗೂ ಕನ್ನಡಕ ಇತ್ತು.

ನೆನಪಿನ ಮಾತುಗಳು ಶುರುವಾದವು. ಎಂಟನೇ ಕ್ಲಾಸಿಗೆ ಬಂದ ಮೊದಲ ದಿನ ಹೊಂಗೆ ಮರದ ಕೆಳಗೆ ಕೂತು ಅತ್ತದ್ದನ್ನು ಒಬ್ಬಳು ಹೇಳಿ, ಈಗ ಮತ್ತೆ ಅತ್ತಳು. ಪ್ರೈವೇಟ್ ಬಸ್ಸಿನ ಏಣಿಯಲ್ಲಿ ನೇತಾಡಿಕೊಂಡು ಬಂದು ಹೆಡ್‌ಮಾಸ್ಟರ ಕೈಗೆ ಸಿಕ್ಕಿಬಿದ್ದದ್ದನ್ನು ಒಬ್ಬ ಹೇಳಿದ. ಮೊಟ್ಟೆ ಕೊಡುವ ದಿನ ಮಾತ್ರ ಸ್ಕೂಲಿಗೆ ಬರುತ್ತಿದ್ದವನೊಬ್ಬ, "ಈ ಶಾಲೆ ನಂಗೆ ಎರಡನೇ ಮನೆ" ಎಂದಾಗ ಬಡಿಸುವ ಅಮ್ಮಂದಿರೇ ಮೊದಲು ನಕ್ಕರು. ಪ್ರತಿ ಮಾತಿಗೂ ಮೇಷ್ಟ್ರುಗಳ ಸಾಲು ಕಿವಿ ನಿಮಿರಿಸಿ ತನ್ನ ತನ್ನ ಹೆಸರಿಗೆ ಕಾಯುತ್ತಿತ್ತು. ಒಬ್ಬರ ಹೆಸರು ಬಂದರೆ ಉಳಿದವರಿಗೆಲ್ಲ ಒಟ್ಟಿಗೇ ಕೆಮ್ಮು.

ಐಟಂ ಶುರುವಾಯಿತು. ಅಂಜನ್ ಕುಮಾರ್ ಪಿ.ಟಿ. ಮೇಷ್ಟ್ರಾಗಿ ಸೀಟಿ ಊದಿದ. ದುಪ್ಪಟ್ಟಾವನ್ನೇ ಸೀರೆ ಸೆರಗಿನಂತೆ ಹೊದ್ದು ಸರ್ವಮಂಗಳಾ ಮಿಸ್ ಆದ. ಈ ಸಲ ಸಾಕಷ್ಟು ಹೊತ್ತೇ ಮಾಡಿದ, ಮಿಸ್ ಮುಖ ಪೌರ್ಣಮಿಯಾಯಿತು. ಹೆಡ್‌ಮಾಸ್ಟರಾದ. ಒಳಗೆ ಹೋದವನು ಮತ್ತೆ ಬರಲೇ ಇಲ್ಲ. ನಾಗಭೂಷಣ್‌ರದೂ ಇಲ್ಲ, ಅದು ಹೋಗಲಿ, ನನ್ನದೂ ಇಲ್ಲ! ನನ್ನ ಕೈ ತಾನಾಗಿಯೇ ನೀರಿನ ಬಾಟಲಿ ಹುಡುಕಿತು.

ಅಷ್ಟರಲ್ಲಿ ಅನುಷಾ ಮೈಕಿನ ಹತ್ತಿರ ಬಂದಳು. "ಎಲ್ಲರಿಗೂ ಒಂದು ವಿಷಯ. ನಮ್ಮ ನಾಗಭೂಷಣ್ ಸಾರ್‌ಗೆ ಹುಷಾರಿಲ್ಲ. ಭುಜಕ್ಕೆ ಲಕ್ವಾ ಹೊಡೆದೈತೆ. ನೋವಿದ್ರೂ ಒಂದು ದಿನಾನೂ ರಜ ಹಾಕಿಲ್ಲ. ಹುಷಾರಿಲ್ಲದೋರನ್ನ ಅಣಕಿಸಬಾರದು ಅಂತ ಕ್ಲಾಸಲ್ಲಿ ಎಲ್ಲಾ ಸೇರಿ ತೀರ್ಮಾನ ಮಾಡಿದೀವಿ. ಅದಕ್ಕೆ ಈ ವರ್ಷ ಸಾರ್ ಐಟಂ ಇಲ್ಲ. ಸಾರ್ ಬೇಗ ಗುಣ ಆಗ್ಲಿ ಅಂತ ಎಲ್ಲರೂ ಒಂದು ನಿಮಿಷ ಎದ್ದು ನಿಂತ್ಕೊಳ್ಳಿ."

ಶಾಮಿಯಾನವೆಲ್ಲ ಎದ್ದು ನಿಂತಿತು. ಈಶ್ವರಮ್ಮ ಹಿಂದಿನಿಂದ ಬಿಕ್ಕಿದರು. ನಾಗಭೂಷಣ್ ಎದ್ದು, ಮಧ್ಯೆ ಇದ್ದ ಬೆಂಚನ್ನೇ ಹಾರಿ ಸ್ಟೇಜಿಗೆ ಹೋಗಿ ಮೈಕು ಕಿತ್ತುಕೊಂಡರು. ಲಕ್ವಾ ಹೊಡೆದವರು ಹಾಗೆ ಹಾರಿದ್ದನ್ನು ನಾಲ್ಕು ತಾಲ್ಲೂಕಿನಲ್ಲಿ ಯಾರೂ ನೋಡಿರಲಿಲ್ಲ.

"ನನಗೇನೂ ಆಗಿಲ್ಲ ಕಣ್ರಪ್ಪಾ! ನೋಡಿ, ಎರಡೂ ಭುಜ ಸರಿಯಾಗವೆ! ನಾನೇ ಬೇಕಂತ ಕುಣಿಸಿದ್ದು!"

"ಯಾಕ್ ಸಾರ್?" ಎಂದು ಇಡೀ ಸ್ಕೂಲು ಕೇಳಿತು.

ಅವರು ನೆಲ ನೋಡಿದರು. "ನೀವು ನನ್ನ ಐಟಂ ಮಾಡ್ಲಿ ಅಂತ. ಎಲ್ಲರದೂ ಮಾಡ್ತೀರಿ. ನಂದು ಯಾವ ಸ್ಕೂಲಲ್ಲೂ ಒಂದು ಸಲಾನೂ ಮಾಡ್ಲಿಲ್ಲ. ಇದು ನನ್ನ ಕೊನೇ ವರ್ಷ."

ಪರದೆಯ ಸಂದಿನಿಂದ ಅಂಜನ್ ಕುಮಾರನ ತಲೆ ಹೊರಗೆ ಬಂತು. "ಅದಕ್ಕೆ ಭುಜ ಯಾಕ್ ಸಾರ್? ನಿಮ್ದು ಮೊದ್ಲಿಂದ್ಲೂ ಐತಲ್ಲ! ಕೂತ್ಕಳಿ, ಈಗ ಮಾಡ್ತೀನಿ."

ನಾಗಭೂಷಣ್ ಬಂದು ಕೂತರು. ಪಾಪ, ಎಂಥದೋ ಒಂದು ಮಾಡಿ ಸಮಾಧಾನ ಮಾಡುತ್ತಾರೆ ಅಂದುಕೊಂಡೆ. ಪರದೆ ಸರಿಯಿತು. ಅಂಜನ್ ಕುಮಾರ್ ಬಂದ. ಮೂಗಿನ ಕೆಳಗೆ ಕಾಡಿಗೆಯ ಮೀಸೆ, ಹಣೆಯ ಮೇಲೆ ಕನ್ನಡಕ. ಜೇಬು ತಡಕಿದ. ಮೇಜಿನ ಕೆಳಗೆ ಬಗ್ಗಿದ. ಮಕ್ಕಳು ಬೆಂಚು ಬಡಿಯತೊಡಗಿದರು.

ನನಗೆ ಹೋದ ಜೀವ ಬಂತು. ನನ್ನದೇ! ಹುಡುಗ ಗಡಿಬಿಡಿಯಲ್ಲಿ ನಾಗಭೂಷಣ್‌ರದು ಎಂದು ನನ್ನದು ಮಾಡುತ್ತಿದ್ದಾನೆ. ವಾಡಿಕೆಯಂತೆ ಎದ್ದು ಕೈಮುಗಿಯಲು ಎಡಗಡೆಗೆ ತಿರುಗಿದೆ. ಅಲ್ಲಿ ನಾಗಭೂಷಣ್, ಸ್ಟೇಜು ಸರಿಯಾಗಿ ಕಾಣಲೆಂದು, ಶರಟಿನ ಜೇಬು ತಡಕುತ್ತಿದ್ದರು. ಪ್ಯಾಂಟಿನ ಜೇಬು ತಡಕಿದರು. ಕುರ್ಚಿಯ ಕೆಳಗೆ ಬಗ್ಗಿದರು. ಕನ್ನಡಕ ಅವರ ಹಣೆಯ ಮೇಲೇ ಇತ್ತು. ಮೇಲೆ ಅಂಜನ್, ಕೆಳಗೆ ನಾಗಭೂಷಣ್, ಒಂದೇ ತಾಳಕ್ಕೆ ಹುಡುಕುತ್ತಿದ್ದರು. ಮಕ್ಕಳು ಇಬ್ಬರನ್ನೂ ತೋರಿಸಿ ತೋರಿಸಿ ನಗುತ್ತಿದ್ದ ರಭಸಕ್ಕೆ ಶಾಮಿಯಾನದ ಒಂದು ಗೂಟ ಕಿತ್ತುಬಂತು.

"ಇದು ಪರೀಕ್ಷೆಗೆ ಬಂದೇ ಬರ್ತದೆ," ಎಂದ ಅಂಜನ್. ಇಡೀ ಸ್ಕೂಲು ಒಂದೇ ಗಂಟಲಲ್ಲಿ ಮುಗಿಸಿತು: "ಬರದಿದ್ರೆ ಮೀಸೆ ಬೋಳಿಸ್ಕೊಂಡು ಬುಡ್ತೀನಿ!"

ನಾನು ನಿಂತೇ ಇದ್ದೆ. "ಲೇ ಅಂಜನ್, ಇದು ಯಾರದೋ?"

"ಹೆಸರು ಹೇಳಂಗಿಲ್ಲ ಸಾರ್."

"ನಂದು ತಾನೇ?"

ಅವನು ಕಾಡಿಗೆ ಮೀಸೆಯೊಳಗಿಂದ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದ. "ನಿಮ್ದು ನಮಗೆ ಹೆಂಗ್ ಬತ್ತದೆ ಸಾರ್? ನೀವು ವರ್ಷ ವರ್ಷ ಊಟಕ್ಕೆ ಬರೋ ಗೆಸ್ಟ್ ಅಲ್ವಾ?"

ಸರ್ವಮಂಗಳಾ ಮಿಸ್ ಮೆಲ್ಲಗೆ ನನ್ನ ಕಡೆ ಬಾಗಿದರು. "ಕೂತ್ಕೊಳ್ಳಿ ಸಾರ್. ನೀವು ರಿಟೈರಾದ ವರ್ಷದಿಂದ್ಲೇ ಅದು ನಾಗಭೂಷಣ್ ಸಾರ್‌ದು. ನೀವು ಎದ್ದು ಕೈಮುಗೀತಿದ್ರಿ. ಹಿರೀರು, ಏನಂತ ಹೇಳೋದು, ಅಂತ ನಾವೂ ಚಪ್ಪಾಳೆ ಹೊಡೀತಿದ್ವಿ."

ನಾನು ಕೂತೆ. ನಾಗಭೂಷಣ್ ಕೈಗೆ ಹಣೆಯ ಕನ್ನಡಕ ಸಿಕ್ಕಿತ್ತು. ಅದನ್ನು ಹಿಡಿದುಕೊಂಡು, ಮಗು ಮೊದಲನೇ ಸಲ ಕನ್ನಡಿ ನೋಡಿದ ಹಾಗೆ ಸ್ಟೇಜನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಪಕ್ಕದಲ್ಲಿ ಕೂತು, ನೀರು ಕುಡಿದು ಕುಡಿದು, ಅವರು ಹೊಟ್ಟೆಕಿಚ್ಚು ಪಟ್ಟದ್ದು ತಮ್ಮದೇ ಐಟಂ ಮೇಲೆ.

"ಏನಯ್ಯಾ ಇದು?" ಎಂದೆ.

"ಸಾರ್, ನೀವು ಹೋದ ಮೇಲೆ, ಲೆಕ್ಕ ಜಾಸ್ತಿಯಾಗಿ ಮಕ್ಕಳ ಮುಖ ಬಾಡಿದಾಗ, ನಮ್ಮಲ್ಲಿ ಒಬ್ಬರು ಕನ್ನಡ ಮೇಷ್ಟ್ರಿದ್ರು ಅಂತ ನಿಮ್ಮ ಥರ ಮಾಡಿ ತೋರಿಸ್ತಿದ್ದೆ. ನಗ್ತಿದ್ವು. ಆಮೇಲೆ ಹೆಸರು ಹೇಳೋದು ಬಿಟ್ಟುಹೋಯ್ತೇನೋ. ಮಾಡೋದು ಬಿಟ್ಟಿಲ್ಲ ಅಂತ ನನಗೇ ಗೊತ್ತಿರಲಿಲ್ಲ."

ಆಗ ಹುಡುಗರು ಬಂದು ಅವರನ್ನು ಹೆಗಲ ಮೇಲೆ ಎತ್ತಿಕೊಂಡರು. ಹೊಂಗೆ ಮರದ ಸುತ್ತ ಮೆರವಣಿಗೆ ಮಾಡಿದರು. ಗ್ರೂಪ್ ಫೋಟೋದಲ್ಲಿ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ನನ್ನನ್ನೂ ಕರೆದರು, ನಿಂತುಕೊಂಡೆ. ಫೋಟೋದವನು ಕ್ಯಾಮೆರಾದೊಳಗೆ ನೋಡಿ, "ಬಲಗಡೆ ಗ್ಯಾಪ್ ಐತೆ, ಯಾರಾದ್ರೂ ಬನ್ನಿ" ಎಂದ. ಬಲಗಡೆ ಇದ್ದವನು ನಾನು.

ಹೊಟ್ಟೆಕಿಚ್ಚೇನೂ ಆಗಲಿಲ್ಲ ನನಗೆ. ಊಟಕ್ಕೆ ಕೊಟ್ಟ ಮೈಸೂರುಪಾಕು ಯಾಕೋ ಬೇವಿನಕಾಯಿಯಂತಿತ್ತು, ಅದು ಬೇಕರಿಯವನ ತಪ್ಪು. ಪಾಯಸದಲ್ಲೂ ಸಕ್ಕರೆ ಇರಲಿಲ್ಲ. ನೀರು ಮಾತ್ರ ಚೆನ್ನಾಗಿತ್ತು, ಒಂದು ಕ್ಯಾನು ಕುಡಿದಿರಬಹುದು.

ಸಂಜೆ ಇಬ್ಬರೂ ಬಸ್ಸಿಗೆ ಕಾಯುತ್ತಾ ನಿಂತೆವು. ಅವರ ಕೊರಳಲ್ಲಿ ಹಾರ. ಹೋಗುವ ಬರುವ ಮಕ್ಕಳೆಲ್ಲ ಹಣೆ ತಡಕಿಕೊಂಡು ತೋರಿಸಿ, "ಸಾರ್, ಕನ್ನಡಕ!" ಎಂದು ಕೂಗಿ ಓಡುತ್ತಿದ್ದರು. ಅವರು ಪ್ರತಿಯೊಬ್ಬರಿಗೂ ಕೈಬೀಸುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ನೋಡು ನಾಗಭೂಷಣ, ಕನ್ನಡಕ ನಂದು. ಹುಡುಕೋದು ನಂದು. ಶಪಥ ನಂದು. ಹಾರ ಮಾತ್ರ ನಿಂದು. ಇದು ನ್ಯಾಯಾನಾ? ಇನ್ನೇನು ನೀನೂ ರಿಟೈರಾಗ್ತೀಯ. ಮುಂದಿನ ವರ್ಷ ಯಾರು ಗೆಲ್ತಾರೋ ನೋಡೇಬುಡೋಣ. ಹುಡುಗರು ಮತ್ತೆ ನಂದೇ ಮಾಡ್ತಾರೆ!"

ನಾಗಭೂಷಣ್ ಕನ್ನಡಕವನ್ನು ಹಣೆಗೆ ಏರಿಸಿದರು. ಆ ಸರ್ಕಾರಿ ಮೀಸೆಯ ತುದಿಯನ್ನು ಹುಟ್ಟಿದಾಗಿನಿಂದ ಮೊದಲ ಬಾರಿಗೆ ತಿರುವಿದರು.

"ಮಾಡ್ಲಿ ಬುಡಿ ಸಾರ್, ನಿಮ್ಮದೇ ಮಾಡ್ಲಿ. ಅಷ್ಟರೊಳಗೆ ನೀವೊಂದು ಮೀಸೆ ಬೆಳೆಸ್ಕೊಳ್ಳಿ."